ನಲವತ್ತು ದಿನ ಕಾಣದ ದೋಣಿ

ಸುಳಿಕೋಡಿ ಬಂದರಿನ ಬಚ್ಚ ತಾಂಡೇಲನಷ್ಟು ಗುಟ್ಟಿನ ಮನುಷ್ಯ ಗೋವಾದಿಂದ ಕನ್ಯಾಕುಮಾರಿಯವರೆಗೆ ಇನ್ನೊಬ್ಬ ಹುಟ್ಟಿಲ್ಲ. ಹುಟ್ಟಿದ್ದರೆ ಅವನು ಗುಟ್ಟಾಗಿಯೇ ಹುಟ್ಟಿರಬೇಕು. ಬಡಗಿಗೆ ಹೋಗುವುದಿದ್ದರೆ ಬಚ್ಚ ದೋಣಿಯ ಮೂತಿಯನ್ನು ತೆಂಕಿಗೆ ತಿರುಗಿಸಿ, ಮೂರು ಮೈಲಿ ಹೋಗಿ, ಪಡುವಣಕ್ಕೊಂದು ಸುತ್ತು ಹೊಡೆದು, ಸ್ವಂತ ಇಂಜಿನ್ನಿಗೇ ದಿಕ್ಕು ತಪ್ಪಿದ ಮೇಲೆ ಬಡಗು ಹಿಡಿಯುತ್ತಿದ್ದ. ಅವನ ಬೆನ್ನು ಹತ್ತಿದ ಕಡಲಕಾಗೆಗಳು ತಲೆ ತಿರುಗಿ ಲಕ್ಷದ್ವೀಪ ಸೇರಿದ್ದವು ಎಂಬುದಕ್ಕೆ ಸಾಕ್ಷಿ ಬೇಕಾದರೆ ಲಕ್ಷದ್ವೀಪದ ಕಾಗೆಗಳನ್ನೇ ಕೇಳಬೇಕು.

ಕಡಲಿಗೆ ಇಳಿಯುವವನನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಇದು ಸುಳಿಕೋಡಿಯ ಕಟ್ಟಳೆ. ಯಾರಾದರೂ ಬಾಯಿತಪ್ಪಿ ಕೇಳಿದರೆ ಆ ದಿನ ದೋಣಿ ನೀರಿಗಿಳಿಯುವುದಿಲ್ಲ, ಕೇಳಿದವನಿಗೆ ವಾರದವರೆಗೆ ಮೀನು ಸಿಗುವುದಿಲ್ಲ. ಬಂದರಿನ ಅರವತ್ತೆರಡು ದೋಣಿಗಳ ಅರವತ್ತೆರಡು ತಾಂಡೇಲರೂ ತಮ್ಮ ತಮ್ಮ ಜಾಗವನ್ನು ಎದೆಯೊಳಗೆ ಬೀಗ ಹಾಕಿ ಇಟ್ಟುಕೊಂಡವರೇ. ಆದರೆ ಬಚ್ಚನ ಬೀಗಕ್ಕೆ ಕೀಲಿಯೇ ಇರಲಿಲ್ಲ.

ಒಳಗಿದ್ದದ್ದೂ ಸಾಮಾನ್ಯದ್ದಲ್ಲ. ಅಜ್ಜನ ಕಲ್ಲು. ದಡದಿಂದ ಹದಿನಾರು ಮೈಲಿ ಆಚೆ, ಇಪ್ಪತ್ತು ಮಾರು ನೀರಿನ ಕೆಳಗೆ, ಒಂದು ಶಾಲೆಯ ಅಂಗಳದಷ್ಟು ಅಗಲದ ಬಂಡೆ. ಅಲ್ಲಿ ಅಂಜಲ್ ಮೀನು ಎಷ್ಟು ದಟ್ಟವೆಂದರೆ ಲಂಗರು ಇಳಿಸುವ ಮುಂಚೆ ‘ಸ್ವಲ್ಪ ಸರಿದುಕೊಳ್ರಪ್ಪ’ ಎಂದು ಕೂಗಬೇಕಿತ್ತು. ಬಂಡೆಯ ಬಿರುಕುಗಳಲ್ಲಿ ಮೀನು ಮೊಟ್ಟೆಯಿಡುವುದನ್ನು ಕಂಡುಕೊಂಡಿದ್ದ ಅಜ್ಜ, ಅಲ್ಲಿ ಗಾಳದ ಹೊರತು ಬಲೆ ಇಳಿಸಬಾರದೆಂದು ಅಪ್ಪನಿಂದ ಆಣೆ ಹಾಕಿಸಿಕೊಂಡಿದ್ದ; ಅಪ್ಪ ಬಚ್ಚನಿಂದ. ತಳ ಗೀಚುವ ದೊಡ್ಡ ಹಡಗಿನ ಬಲೆ ಒಂದೇ ಒಂದು ಸಲ ಎಳೆದರೆ ಮುಗಿಯಿತು. ಮೂರು ತಲೆಮಾರು ಉಂಡ ಕಲ್ಲು ಅರ್ಧ ಗಂಟೆಯಲ್ಲಿ ಬೋಳಾಗುತ್ತದೆ.

ಆ ಕಾಲಕ್ಕೆ ದೊಡ್ಡ ಹಡಗುಗಳು ಮೀನು ಹುಡುಕುವುದನ್ನೇ ಬಿಟ್ಟಿದ್ದವು. ಹುಡುಕಿದವರನ್ನು ಹುಡುಕುತ್ತಿದ್ದವು.

ಇದು ಬಚ್ಚನಿಗೆ ತಿಳಿದದ್ದು ಅವನಿಗೆ ಸನ್ಮಾನವಾದ ದಿನ. ‘ನೀಲನೇತ್ರ’ ಎಂಬ ಕಂಪನಿಯಿಂದ ಕಾಗದ ಬಂದಿತ್ತು. ಕಡಲಿನವರಿಗೆಲ್ಲ ಪುಕ್ಕಟೆಯಾಗಿ ‘ಕಡಲಗೆಳೆಯ’ ಆ್ಯಪ್ ಕೊಟ್ಟವರು ಅವರು. ಗಾಳಿ, ಭರತ, ಇಳಿತ, ಇವತ್ತಿನ ಮೀನಿನ ದರ ಎಲ್ಲ ಅದರಲ್ಲಿ ಬರುತ್ತಿತ್ತು. ಬಚ್ಚನನ್ನು ಅವರು ‘ವರ್ಷದ ಅತ್ಯುತ್ತಮ ಗೆಳೆಯ’ ಎಂದು ಆರಿಸಿದ್ದರು. ಬಚ್ಚ ಬಿಳಿ ಪಂಚೆ ಉಟ್ಟು ಹೊರಟ. ಅವನು ಬಸ್ಸು ಹತ್ತುವುದನ್ನು ನೋಡಲು ಊರಿಗೆ ಊರೇ ನಿಂತಿತ್ತು ಎಂದು ಅವನು ಆಮೇಲೆ ಹೇಳುತ್ತಿದ್ದ. ನಿಂತಿದ್ದವರು ಅದೇ ಬಸ್ಸಿಗೆ ಕಾಯುತ್ತಿದ್ದರು.

ಮಂಗಳೂರಿನಲ್ಲಿ ಹದಿನಾಲ್ಕನೇ ಮಹಡಿ. ಒಳಗೆ ಎಂಥ ಥಂಡಿಯೆಂದರೆ ಬಂಗುಡೆ ಇಟ್ಟರೆ ಎರಡು ವಾರ ಕೆಡದು. ಗೋಡೆಯ ತುಂಬ ಒಂದು ಪರದೆ, ಎರಡು ಯಕ್ಷಗಾನ ಮೇಳ ಒಟ್ಟಿಗೆ ಕುಣಿಯುವಷ್ಟು ಅಗಲ. ಅದರ ಮೇಲೆ ಇಡೀ ಅರಬ್ಬೀ ಸಮುದ್ರ ಕಪ್ಪಗೆ ಮಲಗಿತ್ತು. ನಡುನಡುವೆ ಕೆಂಪು ಚುಕ್ಕೆಗಳು ಉಸಿರಾಡುತ್ತಿದ್ದವು. ಹಂಸಿನಿ ಎಂಬ ಹುಡುಗಿ ಅವನಿಗೆ ಶಾಲು ಹೊದೆಸಿ, ಚಹಾ ಕೊಟ್ಟು, ಪರದೆಯ ಮುಂದೆ ಕರೆದೊಯ್ದಳು.

“ಇದು ನೀವು ಸರ್,” ಎಂದು ಒಂದು ಚುಕ್ಕೆಯನ್ನು ಹಿಗ್ಗಿಸಿದಳು.

ಸುಳಿಕೋಡಿಯಿಂದ ಒಂದು ಕೆಂಪು ಗೆರೆ ಹೊರಟು ತೆಂಕಿಗೆ ಹೋಗಿ, ಪಡುವಣಕ್ಕೆ ಸುತ್ತಿ, ಬಡಗು ಹಿಡಿದು, ಅಜ್ಜನ ಕಲ್ಲಿನ ಮೇಲೆ ಬಂದು ನಿಂತಿತು. ಒಂದಲ್ಲ, ಎರಡು ವರ್ಷದ ಗೆರೆಗಳು, ಹಕ್ಕಿಗೂಡಿನ ಹಾಗೆ ಸಿಕ್ಕುಸಿಕ್ಕಾಗಿ ಅದೊಂದೇ ಜಾಗದಲ್ಲಿ ಉರಿಯುತ್ತಿದ್ದವು. ಬಚ್ಚ ಚಹಾದ ಲೋಟವನ್ನು ಕೆಳಗಿಟ್ಟ.

“ಇದ್ನ ನಿಮ್ಗೆ ಯಾರ್ ಹೇಳಿದ್ದ್?”

“ನಿಮ್ಮ ಫೋನೇ ಸರ್. ಹತ್ತು ಸೆಕೆಂಡಿಗೊಮ್ಮೆ ಬರೆದಿಟ್ಟುಕೊಳ್ಳುತ್ತೆ, ನೆಟ್‌ವರ್ಕ್ ಸಿಕ್ಕಿದ ಕೂಡಲೇ ಕಳಿಸುತ್ತೆ. ದೋಣಿ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು. ವಾಪಸ್ ಬರುವಾಗ ಅಲೆಯಲ್ಲಿ ಹೇಗೆ ತೂಗಾಡಿತು ಅನ್ನೋದು ಕೂಡ! ಭಾರ ಜಾಸ್ತಿಯಾದರೆ ದೋಣಿ ನಿಧಾನವಾಗಿ ತೂಗಾಡುತ್ತಲ್ವಾ? ಅಂದರೆ ಮೀನು ಸಿಕ್ಕಿದೆ ಅಂತ.” ಹಂಸಿನಿಗೆ ತನ್ನ ಕೆಲಸದ ಮೇಲೆ ನಿಜವಾದ ಹೆಮ್ಮೆ. “ಒಂದು ಜಾಗದಿಂದ ನಲವತ್ತು ದಿನ ಸುದ್ದಿ ಬರದಿದ್ದರೆ ಅಲ್ಲಿ ಮೀನು ಮುಗಿಯಿತು ಅಂತ ಯಂತ್ರವೇ ಚುಕ್ಕೆ ಅಳಿಸಿಬಿಡುತ್ತೆ. ನಿಮ್ಮದು ಎರಡು ವರ್ಷದಿಂದ ಅಳಿದೇ ಇಲ್ಲ! ಈ ಸಲದ ನಕ್ಷೆಯಲ್ಲಿ ನಿಮ್ಮದೇ ಮೊದಲನೇ ನಂಬರ್. ದೀಪಾವಳಿ ಕಳೆದ ಮರುದಿನ ಹಡಗುಗಳಿಗೆ ಕೊಡ್ತೀವಿ.”

ದೀಪಾವಳಿ ಕಳೆಯಲು ಇನ್ನು ನಲವತ್ತೆಂಟು ದಿನ. ವಾಪಸ್ ಬರುವ ಬಸ್ಸಿನಲ್ಲಿ ಆ ಶಾಲು ಬಚ್ಚನ ಹೆಗಲ ಮೇಲೆ ನೆನೆದ ಬಲೆಯಷ್ಟು ಭಾರವಾಗಿತ್ತು.

ಮನೆಯಲ್ಲಿ ಹೆಂಡತಿ ಜಲಜ ಮೀನು ಹೆಚ್ಚುತ್ತಿದ್ದಳು. ಬಂದರಿನ ಮೀನು ಮಾರುವ ಹೆಂಗಸರಿಗೆಲ್ಲ ಮುಂದಾಳು ಅವಳು. ಅವಳು ಒಂದು ಸಲ ಗದರಿದರೆ ಬುಟ್ಟಿಯಲ್ಲಿ ಸತ್ತ ಬೂತಾಯಿಯೂ ನೆಟ್ಟಗೆ ಮಲಗುತ್ತಿತ್ತು. ಎಲ್ಲವನ್ನೂ ಕೇಳಿದ ಮೇಲೆ ಅವಳು ಕತ್ತಿಯನ್ನು ಕೆಳಗಿಟ್ಟಳು.

“ಇಪ್ಪತ್ತಾರ್ ವರ್ಷ ಒಟ್ಟಿಗೆ ಗಂಜಿ ಉಂಡಿತ್. ನಂಗೆ ಒಂದ್ ಸಲ ಹೇಳ್ಲಿಲ್ಲೆ ನೀವ್. ಕುತ್ಗಿಗ್ ಕಟ್ಕಂಡ್ ಆ ಡಬ್ಬಿಗೆ ಹತ್ತ್ ಸೆಕೆಂಡಿಗೊಂದ್ ಸಲ ಹೇಳ್ದ್ರ್ಯಾ?”

“ನಾನ್ ಹೇಳ್ಲಿಲ್ಲೆ ಮಾರಾಯ್ತಿ! ಅದೇ ಕೇಳ್ಕಂಡ್ ಹೋದ್ದ್!”

“ಹಾಂಗಾರೆ ಶಾಲ್ ಅದಕ್ಕೇ ಹೊದ್ಸ್ಕಿತ್ತಲೆ. ನಿಮ್ಗ್ಯಾಕ್ ಹೊದ್ಸಿರ್?”

ಬಚ್ಚ ಫೋನನ್ನು ಹಿಡಿದುಕೊಂಡು ಬಾವಿಯ ಕಡೆಗೆ ನಡೆದ. ಜಲಜ ಅಡ್ಡ ನಿಂತಳು. ಹೋದ ವರ್ಷ ತೂಫಾನಿನಲ್ಲಿ, ದಡ ಕಾಣುವಷ್ಟು ದೂರದಲ್ಲಿ, ಅವಳ ತಮ್ಮನ ದೋಣಿ ಮಗುಚಿದಾಗ, ಫೋನಿನ ಅಪಾಯದ ಗುಂಡಿ ಒತ್ತಿದ್ದರಿಂದಲೇ ನಾಲ್ಕು ಜೀವ ದಡ ಸೇರಿದ್ದವು. ಫೋನಿಲ್ಲದೆ ಕಡಲಿಗಿಳಿಯಲು ಅವಳು ಬಿಡುವುದಿಲ್ಲ. ಕಲ್ಲನ್ನು ಬಿಟ್ಟು ಬೇರೆ ಕಡೆ ಹೋದರೆ ಆ ಬೇರೆ ಕಡೆಯೂ ಪರದೆಯ ಮೇಲೆ ಉರಿಯುತ್ತದೆ. ಫೋನು ಇಟ್ಟುಕೊಂಡರೆ ಕಲ್ಲು ಹೋಯಿತು, ಬಿಟ್ಟರೆ ಜೀವ.

“ಫ್ಲೋರಿನ್ ಬಾಯಮ್ಮನ ಹತ್ರ ಹೋಯ್ನಿ,” ಎಂದಳು ಜಲಜ. “ಬಾಯಿ ಬಿಟ್ಟ್ ಹೇಳಿ. ಜಂಬ ಮನೆಲ್ ಇಟ್ಟ್ ಹೋಯ್ನಿ.”

ಫ್ಲೋರಿನ್ ಬಾಯಿ ಮೂವತ್ತು ವರ್ಷ ಹಡಗುಗಳ ವೈರ್‌ಲೆಸ್ ರಿಪೇರಿ ಮಾಡಿ ನಿವೃತ್ತಳಾಗಿ, ಐಸ್ ಕಾರ್ಖಾನೆಯ ಎದುರು ಫೋನಿನ ಅಂಗಡಿ ಇಟ್ಟಿದ್ದಳು. ಅವಳ ಕೈ ತಾಗಿದರೆ ಸುಟ್ಟು ಕರಕಲಾದ ರೇಡಿಯೋ ಕೂಡ ನಾಚಿಕೊಂಡು ಹಾಡುತ್ತಿತ್ತು. ಅವಳು ಬಚ್ಚನ ಫೋನನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ, ಮೇಜಿನ ಮೇಲಿಟ್ಟು, ಮುಟ್ಟಲೇ ಇಲ್ಲ. ಚಹಾ ಕುಡಿದಳು. ಕುಡಿದು ಮುಗಿಸಿ ಪರದೆಯನ್ನು ಅವನ ಕಡೆ ತಿರುಗಿಸಿದಳು.

“ಕಾಣಿ ಬಚ್ಚಣ್ಣ. ನಾನೊಂದು ಲೋಟ ಚಹಾ ಕುಡಿಯುವಷ್ಟರಲ್ಲಿ ನಿಮ್ಮ ಫೋನು ಆರುನೂರ ಹದಿಮೂರು ಸಲ ಹೊರಗಿನವರ ಹತ್ತಿರ ಮಾತಾಡಿತು. ಈ ಗೆಳೆಯನ ಹೊಟ್ಟೆಯಲ್ಲಿ ಹನ್ನೊಂದು ಜನ ಕೂತಿದ್ದಾರೆ. ಒಬ್ಬ ನೀವು ಎಲ್ಲಿದ್ದೀರಿ ನೋಡ್ತಾನೆ, ಒಬ್ಬ ಎಷ್ಟು ಹೊತ್ತಿಗೆ ಮಲಗ್ತೀರಿ ನೋಡ್ತಾನೆ...”

“ಮಲ್ಗುದ್ನ ಎಂತಕ್ ಕಾಂತ?”

“ಬೇಗ ಮಲಗಿದರೆ ಬೆಳಿಗ್ಗೆ ಬೇಗ ಕಡಲಿಗೆ ಅಂತ.”

ಬಚ್ಚ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಫ್ಲೋರಿನ್ ಕೆಲಸ ಶುರುಮಾಡಿದಳು. ಫೋನಿನ ಹಳೆಯ ವ್ಯವಸ್ಥೆಯನ್ನು ಪೂರ್ತಿ ಕಿತ್ತು, ಮುಕ್ತ ತಂತ್ರಾಂಶದ ಹೊಸದನ್ನು ಹಾಕಿದಳು. ಗಾಳಿ ಮತ್ತು ಭರತ ನೋಡಲು ಬೇರೆ ಯಾವುದೋ ಕಡಲಿನ ಮೀನುಗಾರರೇ ಸೇರಿ ಮಾಡಿದ ಪುಟ್ಟ ಆ್ಯಪ್ ಒಂದನ್ನು ಕೂರಿಸಿದಳು. ಅದರ ಮೇಲೆ ಬಾಗಿಲು ಕಾಯುವವನೊಬ್ಬ. “ಇವನು ಅಂಚೆಯವ ಇದ್ದ ಹಾಗೆ,” ಎಂದಳು. “ಹೊರಗೆ ಹೋಗುವ ಪ್ರತಿ ಕಾಗದದ ವಿಳಾಸ ನೋಡ್ತಾನೆ. ಬೇಹುಗಾರರ ವಿಳಾಸದ ಪಟ್ಟಿ ಇವನ ಹತ್ತಿರ ಇದೆ. ಅವರಿಗೆ ಹೋಗುವ ಕಾಗದವನ್ನು ಹೊಸ್ತಿಲಲ್ಲೇ ಹರಿದು ಬಿಸಾಡ್ತಾನೆ. ಅಪಾಯದ ಗುಂಡಿಯನ್ನು ಮಾತ್ರ ಮುಟ್ಟುವುದಿಲ್ಲ.”

“ಇದ್ನ ಮಾಡ್ದವ ಯಾರ್? ಅವ ಕದ್ದ್ ಕೇಂಬುದಿಲ್ಯಾ?”

“ಮಾಡಿದವರು ಸಾವಿರ ಜನ. ಒಳಗೆ ಏನು ಬರೆದಿದೆ ಅಂತ ಯಾರು ಬೇಕಾದರೂ ತೆಗೆದು ಓದಬಹುದು.”

ಬಚ್ಚ ಎದ್ದೇ ನಿಂತ. “ಎಲ್ರಿಗೂ ಕಾಂಬುದಾರೆ ಅದೆಂಥ ಗುಟ್ಟ್ ಬಾಯಮ್ಮ! ನನ್ ಗುಟ್ಟ್ ಕಾಯುಕೆ ಬೀದಿಲ್ ಬಿದ್ದದ್ನ ತಂದ್ ಹಾಕ್ತ್ರಾ?”

“ಬಲೆ ಕೊಳ್ಳುವಾಗ ಏನು ಮಾಡ್ತೀರಿ? ಬಿಡಿಸಿ, ಬಿಸಿಲಿಗೆ ಹಿಡಿದು, ಕಣ್ಣು ಕಣ್ಣು ನೋಡಿ ಕೊಳ್ತೀರಲ್ಲ. ಗೋಣಿಯಲ್ಲಿ ಕಟ್ಟಿ ‘ನಂಬಿ ತೆಕ್ಕೊಳ್ಳಿ’ ಅಂದರೆ ಕೊಳ್ತೀರಾ? ಆ ಕಂಪನಿಯದ್ದು ಗೋಣಿಯಲ್ಲಿ ಕಟ್ಟಿದ ಬಲೆ. ಇದು ಬಿಸಿಲಿಗೆ ಹಿಡಿದದ್ದು. ಬಲೆ ಎಲ್ಲರಿಗೂ ಕಾಣಲಿ, ನೀವು ಹಿಡಿದ ಮೀನು ನಿಮ್ಮದೇ.”

ಬಚ್ಚ ಸೋಲೊಪ್ಪಿ ಮತ್ತೆ ಕುರ್ಚಿಯಲ್ಲಿ ಕೂತ. ಹುಟ್ಟಿದ ಮೇಲೆ ಹೀಗಾದದ್ದು ಅದು ಎರಡನೇ ಸಲ. ಮೊದಲನೆಯದು ಮದುವೆಯ ದಿನ.

“ಆಕಾಶದಲ್ ಇಪ್ಪು ಉಪಗ್ರಹ ಕಾಂಬುದಿಲ್ಯಾ?” ಎಂದು ಕೇಳಿದ.

“ಅದು ದೀಪಸ್ತಂಭದ ಹಾಗೆ. ಬೆಳಕು ಬಿಡ್ತದೆ ಅಷ್ಟೇ, ಯಾರು ನೋಡಿದರು ಅಂತ ಅದಕ್ಕೆ ಗೊತ್ತಿಲ್ಲ. ದಾರಿ ನೋಡಲಿಕ್ಕೆ ಬಳಸಿ. ಆದರೆ ಟವರಿನವರಿಗೆ ನೀವು ಯಾವ ಊರಿನ ಆಸುಪಾಸಿನಲ್ಲಿ ಇದ್ದೀರಿ ಅನ್ನುವುದು ಗೊತ್ತಾಗ್ತದೆ, ಅದನ್ನು ತಪ್ಪಿಸಲಿಕ್ಕೆ ನನ್ನಿಂದ ಆಗದು. ಹದಿನಾರು ಮೈಲಿ ಆಚೆ ಅವರ ಟವರೂ ಇಲ್ಲ.”

ತನ್ನ ದೋಣಿಯ ನಾಲ್ಕೂ ಜನರ ಫೋನುಗಳನ್ನು ಬಚ್ಚ ಅವತ್ತೇ ಮಾಡಿಸಿದ. ಮರುದಿನದಿಂದ ಅವನು ಕಡಲಿನಲ್ಲಿ ಎದೆ ಉಬ್ಬಿಸಿದ ರೀತಿಗೆ ದೋಣಿ ಇಂಜಿನ್ನೂ ಹಾಯಿಯೂ ಇಲ್ಲದೆಯೇ ಅರ್ಧ ಮೈಲಿ ಓಡಿತು.

ಏಳನೇ ದಿನ ಹಂಸಿನಿಯ ಫೋನು ಬಂತು. “ಸರ್, ನಿಮ್ಮ ಫೋನೇನಾದರೂ ಕೆಟ್ಟಿದೆಯಾ? ವಾರದಿಂದ ನೀವು ಕಾಣಿಸ್ತಾನೇ ಇಲ್ಲ. ಏನೂ ಚಿಂತೆ ಮಾಡಬೇಡಿ, ನಿಮ್ಮ ಜಾಗ ಅಳಿಸಿಹೋಗಲ್ಲ. ಅಲ್ಲಿಂದ ಇನ್ನೊಂದು ದೋಣಿಯ ಸುದ್ದಿ ಬರ್ತಾ ಇದೆ. ವಾರಕ್ಕೆ ಮೂರು ದಿನ. ನಿನ್ನೆ ಕೂಡ ಬಂತು.”

ಬಚ್ಚನ ಕಿವಿಯಲ್ಲಿ ಕಡಲು ಮೊರೆಯಿತು. “ಇನ್ನೊಂದ್ ದೋಣಿ? ಯಾರದ್ದ್?”

“ಅಯ್ಯೋ, ಹೆಸರು ಹೇಳೋ ಹಾಗಿಲ್ಲ ಸರ್. ಗ್ರಾಹಕರ ಗೌಪ್ಯತೆ.”

ಆ ಮಾತಿಗೆ ಬಚ್ಚ ನಕ್ಕನೋ ಅತ್ತನೋ, ಜಲಜಳಿಗೇ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾದದ್ದು ಎರಡು. ಅಜ್ಜನ ಕಲ್ಲು ತನ್ನೊಬ್ಬನದೇ ಅಲ್ಲ. ಇವತ್ತಿನಿಂದ ಎಣಿಸಿದರೆ ದೀಪಾವಳಿ ಕಳೆಯಲು ಸರಿಯಾಗಿ ನಲವತ್ತು ದಿನ ಉಳಿದಿದೆ; ಆ ಇನ್ನೊಂದು ದೋಣಿ ಇವತ್ತಿನಿಂದಲೇ ಸುಮ್ಮನಾಗಬೇಕು. ಆದರೆ ಅದು ಯಾರದ್ದೆಂದು ತಿಳಿಯಬೇಕಾದರೆ ಬಂದರಿನ ಎಲ್ಲರ ಎದುರು ನಿಂತು ಅವನು ನಿಜ ಹೇಳಬೇಕು. ಕಡಲಿನ ವಿಷಯದಲ್ಲಿ ನಿಜ ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ.

ಬಲೆ ನೇಯುವ ಚಪ್ಪರದಲ್ಲಿ ಸಂಜೆ ಎಲ್ಲರೂ ಸೇರಿದರು. ಜಲಜ ಕರೆದಿದ್ದಳು, ಅದಕ್ಕೇ ಬಂದಿದ್ದರು. ಬಚ್ಚ ಪರದೆಯ ಕಥೆ, ಕೆಂಪು ಚುಕ್ಕೆಯ ಕಥೆ, ಹಡಗಿನ ಕಥೆ ಎಲ್ಲ ಹೇಳಿದ. ಬದುಕಿನಲ್ಲಿ ಮೊದಲ ಸಲ ಒಂದಕ್ಷರವೂ ಸೇರಿಸದೆ ಹೇಳಿದ. ಒಬ್ಬನೂ ನಂಬಲಿಲ್ಲ.

“ಹೋದ ಮಳೆಗಾಲದಲ್ ತಿಮಿಂಗಿಲದ್ ಬೆನ್ನ್ ಮೇಲೆ ಚಾ ಕಾಸ್ದೆ ಅಂದವ ಇವ,” ಎಂದ ಅಣ್ಣಪ್ಪ ಖಾರ್ವಿ. ಬಚ್ಚನ ಎದುರಾಳಿ, ಇಬ್ಬರೂ ಹದಿನೆಂಟು ವರ್ಷದಿಂದ ಒಬ್ಬರ ದೋಣಿಯ ನೆರಳಿನಲ್ಲಿ ಇನ್ನೊಬ್ಬರು ನಿಂತವರಲ್ಲ. “ನಮ್ ಫೋನೆಲ್ಲ ಬಂದ್ ಮಾಡ್ಸಿ ಇವನೊಬ್ಬನೇ ದರ ಕಂಡ್ಕಂಡ್ ಮಾರುಕೆ! ಗೊತ್ತಿಲ್ಯಾ ನಮ್ಗೆ?”

“ತಿಮಿಂಗಿಲ ಬೇರೆ ಮಾರಾಯ, ಇದ್ ಬೇರೆ!”

“ಹಾಂಗಾರೆ ತಿಮಿಂಗಿಲದ್ದ್ ಸುಳ್ಳಾ?”

ಚಪ್ಪರ ನಗೆಯಲ್ಲಿ ಅಲುಗಾಡಿತು. ಫ್ಲೋರಿನ್ ಬಾಯಿ ಮುಂದೆ ಬಂದಳು. ಒಂದು ಪುಟ್ಟ ಕಂಪ್ಯೂಟರನ್ನು ಬಲೆಯ ಗುಡ್ಡೆಯ ಹಿಂದೆ ಇಟ್ಟಳು. “ಯಾರ ಮಾತೂ ನಂಬುವುದು ಬೇಡ. ಒಬ್ಬೊಬ್ಬರೇ ಬನ್ನಿ. ನಿಮ್ಮ ಫೋನು ಏನು ಹೇಳಿದೆ ಅಂತ ನೀವೇ ನೋಡಿ. ನಾನು ಆಚೆ ಮುಖ ಮಾಡಿ ನಿಲ್ತೇನೆ.”

ಮೊದಲನೆಯವನು ನಗುತ್ತ ಹೋದ. ಬರುವಾಗ ಅವನ ಮುಖ ಸುಣ್ಣದ ನೀರಾಗಿತ್ತು. ಎರಡನೆಯವನು ಬಂದು ಸುಮ್ಮನೆ ನೆಲದ ಮೇಲೆ ಕೂತ. ಐದನೆಯವನು ಹೋಗುವ ಹೊತ್ತಿಗೆ ಚಪ್ಪರದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಅಣ್ಣಪ್ಪ ಹೋದ, ಬಂದ, ಕಂಬಕ್ಕೆ ಒರಗಿ ನಿಂತ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅರವತ್ತೆರಡು ಬೀಗಗಳೂ ಎಂದೋ ಒಡೆದುಹೋಗಿದ್ದವು.

ಆದರೂ ಬಚ್ಚನಿಗೆ ಬೇಕಾದದ್ದು ಸಿಗಲಿಲ್ಲ. ಎಲ್ಲರೂ ‘ಹಬ್ಬ ಕಳೀಲಿ, ಕಾಂಬ’ ಎನ್ನತೊಡಗಿದರು. ಅವರವರ ಜಾಗಕ್ಕೆ ಹಡಗು ಬರುವ ದಿನ ಇನ್ನೂ ದೂರವಿರಬಹುದು. ಅವನ ಕಲ್ಲಿಗೆ ಇವತ್ತೇ ಗಡುವು. ಆ ಒಬ್ಬ ಇಲ್ಲೇ ಇದ್ದಾನೆ, ಕೇಳಿಸಿಕೊಳ್ಳುತ್ತಿದ್ದಾನೆ, ಆದರೆ ಬಚ್ಚ ಹೇಳುತ್ತಿರುವುದು ತಾನೂ ಹೋಗುವ ಕಲ್ಲಿನ ವಿಷಯವೇ ಎಂದು ಅವನಿಗೆ ಗೊತ್ತಿಲ್ಲ. ಬಚ್ಚ ಜಲಜಳ ಕಡೆ ನೋಡಿದ. ಅವಳು ತಲೆಯಾಡಿಸಿದಳು.

“ನನ್ ಅಜ್ಜನ ಕಲ್ಲ್ ಎಲ್ಲಿತ್ತಂದ್ರೆ,” ಎಂದ ಬಚ್ಚ. ಚಪ್ಪರ ಉಸಿರು ಹಿಡಿಯಿತು. ಅಂಥ ಮಾತನ್ನು ಸುಳಿಕೋಡಿಯಲ್ಲಿ ಯಾವ ತಾಂಡೇಲನೂ ಆವರೆಗೆ ಆಡಿರಲಿಲ್ಲ. “ಕಡ್ಲಿಂದ ಕಂಡ್ರೆ ಕೊಡಚಾದ್ರಿ ತುದಿ ಹಳೆ ಹೆಂಚಿನ್ ಕಾರ್ಖಾನೆ ಚಿಮಣಿ ಮೇಲೆ ಕೂಕಣ್ಕ್. ಅದೊಂದ್ ಗುರ್ತ್. ಎರಡ್ನೇದ್, ತೆಂಕಿನ್ ದೀಪಸ್ತಂಭದ...”

“ಸಾಕ್! ಬಾಯ್ ಮುಚ್ಚ!”

ಕಿರುಚಿದವನು ಅಣ್ಣಪ್ಪ ಖಾರ್ವಿ. ಒಂದೇ ಜಿಗಿತಕ್ಕೆ ಬಂದು ಬಚ್ಚನ ಬಾಯಿಗೆ ಕೈ ಅಡ್ಡ ಹಿಡಿದಿದ್ದ. “ಎಲ್ಲ ಹೇಳ್ಕಂಡ್ ಬಿಡ್ತ್ಯಾ ಹೆಡ್ಡ! ನನ್ ಅಪ್ಪ ಸಾಯುವತ್ತಿಗೆ ಕಿವಿಲ್ ಹೇಳ್ದ್ ಅದ್!”

ಬಚ್ಚ ಆ ಕೈಯನ್ನು ಮೆಲ್ಲಗೆ ಸರಿಸಿದ. “ನೀ ಯಾವ್ ದಿನ ಹೋತೆ?”

“ಸೋಮವಾರ, ಬುಧವಾರ, ಶನಿವಾರ,” ಎಂದ ಅಣ್ಣಪ್ಪ ತಗ್ಗಿದ ದನಿಯಲ್ಲಿ. “ನೀನ್?”

“ಉಳ್ದದ್ದ್.”

ಹದಿನೆಂಟು ವರ್ಷ ಒಂದೇ ಕಲ್ಲಿನ ಮೇಲೆ, ಒಬ್ಬರಿಗೊಬ್ಬರು ಕಾಣದಂತೆ ಸುತ್ತು ಬಳಸಿ ಇಬ್ಬರೂ ಬರುತ್ತಿದ್ದರು. “ಬಲೆ ಬಿಟ್ಟಿದ್ಯಾ?” ಎಂದು ಬಚ್ಚ ಕೇಳಿದ. “ಗಾಳ ಮಾತ್ರ,” ಎಂದ ಅಣ್ಣಪ್ಪ. “ಅಲ್ ಮೊಟ್ಟೆ ಇತ್ತಲೆ.” ಬಚ್ಚ ಅವನ ಹೆಗಲ ಮೇಲೆ ಕೈ ಹಾಕಿದ.

ಅವರಿಬ್ಬರನ್ನು ಕಂಡು ಉಳಿದವರ ನಾಚಿಕೆ ಹೋಯಿತು. ಫ್ಲೋರಿನ್ ಬಾಯಿಯ ಅಂಗಡಿಯ ಮುಂದೆ ಸಾಲು ನಿಂತದ್ದೇ ನಿಂತದ್ದು, ಬಾಲ ಭಟ್ಕಳದವರೆಗೆ ಹೋಗಿತ್ತು. ಅಣ್ಣಪ್ಪನ ದೋಣಿಯ ಐದು ಫೋನುಗಳು ಆ ಸಂಜೆಯೇ ಮುಗಿದವು. ವಾರದೊಳಗೆ ಮುನ್ನೂರು. ಮಾಡುವ ಬಗೆ ಬಯಲಲ್ಲೇ ಬರೆದಿಟ್ಟದ್ದಲ್ಲವೇ, ಬಲೆ ಹೊಲಿಯುವ ಕೈಗಳು ಬೇಗ ಕಲಿತವು; ಬಚ್ಚನೇ ಇಪ್ಪತ್ತೆಂಟು ಮಾಡಿದ. ಅವನ ಲೆಕ್ಕದಲ್ಲಿ ಅದು ಇನ್ನೂರ ಎಂಬತ್ತು.

ನಲವತ್ತರ ಎಣಿಕೆಯಲ್ಲಿ ಹದಿನೇಳನೇ ದಿನ ನೀಲನೇತ್ರದವರು ಹೊಸ ಆಸೆ ಒಡ್ಡಿದರು. ‘ಕಡಲಗೆಳೆಯ’ನನ್ನು ಮರಳಿ ಹಾಕಿಕೊಂಡವರಿಗೆ ಹಬ್ಬದವರೆಗೆ ಐಸ್ ಪುಕ್ಕಟೆ. ಅಣ್ಣಪ್ಪನ ಭಾವ ಮೆಲ್ಲಗೆ ಫೋನು ತೆಗೆದದ್ದನ್ನು ಜಲಜ ಮೀನುಮಾರುಕಟ್ಟೆಯ ಆ ತುದಿಯಿಂದ ಕಂಡಳು.

“ಹ್ವಾಯ್ ಭಾವ! ಪುಕ್ಕಟೆ ಐಸ್ ತಕಣಿ. ಆ ಐಸಲ್ ಇಟ್ಟ್ ಮೀನ್ನ ನಮ್ ಹೆಂಗ್ಸ್ರ್ ಯಾರೂ ಮುಟ್ಟುದಿಲ್ಲ. ನೀವೇ ಬುಟ್ಟಿ ತಲೆ ಮೇಲ್ ಇಟ್ಕಂಡ್ ಮಾರುಕೆ ಹೋಯ್ನಿ, ನಾವ್ ಕಾಂಬುಕ್ ಬತ್ತ್.”

ಭಾವ ಫೋನನ್ನು ಲುಂಗಿಯ ಮಡಿಕೆಗೆ ಸೇರಿಸಿದ ವೇಗಕ್ಕೆ ಲುಂಗಿಯೇ ಗಾಬರಿಯಾಯಿತು.

ಮೂವತ್ತು ಕಳೆಯಿತು, ಮೂವತ್ತೈದು ಕಳೆಯಿತು. ಪಡುವಣದ ಅಂಚಿನಲ್ಲಿ ಹಡಗೊಂದು ಬಂದು ನಿಂತಿತು. ಬಚ್ಚನೂ ಅಣ್ಣಪ್ಪನೂ ಬೆಳಿಗ್ಗೆ ಒಂದೇ ಕಟ್ಟೆಯ ಮೇಲೆ ಕುಳಿತು ಅದನ್ನು ನೋಡುತ್ತಿದ್ದರು. ಬಚ್ಚ ಆ ದಿನಗಳಲ್ಲಿ ಸುಳ್ಳು ಹೇಳುವುದನ್ನೂ ಮರೆತಿದ್ದ, ಊಟವನ್ನೂ. ದೀಪಾವಳಿ ಬಂತು, ಹೋಯಿತು. ಮರುದಿನ ಹಡಗು ಹೊಗೆ ಎಬ್ಬಿಸಿತು. ಮೂತಿ ತಿರುಗಿಸಿತು. ತೆಂಕಿಗೂ ಅಲ್ಲ, ಬಡಗಿಗೂ ಅಲ್ಲ, ನೇರ ಪಡುವಣಕ್ಕೆ, ಆಳದ ಕಡಲಿಗೆ, ಸಣ್ಣದಾಗುತ್ತ ಸಣ್ಣದಾಗುತ್ತ ಬೆಂಕಿಕಡ್ಡಿಯಷ್ಟಾಗಿ ಕಣ್ಮರೆಯಾಯಿತು. ಅಣ್ಣಪ್ಪ ಎದ್ದು ಪಂಚೆ ಕೊಡವಿದ. “ಇವತ್ ಯಾರ್ ದಿನ?” ಎಂದು ಕೇಳಿದ.

“ಇಬ್ರೂ ಹೋಪ,” ಎಂದ ಬಚ್ಚ.

ಅವತ್ತು ಅವರು ಅಜ್ಜನ ಕಲ್ಲಿನ ಮೇಲೆ ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ ಗಾಳ ಹಾಕಿದರು. ಸಿಕ್ಕ ಅಂಜಲ್ ಮೀನಿನ ಉದ್ದ ಎಷ್ಟೆಂದರೆ ತಲೆ ಬಚ್ಚನ ದೋಣಿಯಲ್ಲಿತ್ತು, ಬಾಲ ಅಣ್ಣಪ್ಪನದರಲ್ಲಿ. ಅಣ್ಣಪ್ಪನೂ ಹೌದೆಂದು ಸಾಕ್ಷಿ ಹೇಳುತ್ತಾನೆ.

ದಡದಲ್ಲಿ ಮೀನು ಇಳಿಸುತ್ತಿರುವಾಗ ಹಂಸಿನಿಯ ಕರೆ ಬಂತು.

“ಸರ್, ಇಡೀ ಸುಳಿಕೋಡಿಯೇ ಪರದೆಯಲ್ಲಿ ಕಪ್ಪಾಗಿಹೋಗಿದೆ. ಗಂಗೊಳ್ಳಿ, ಮಲ್ಪೆಯಲ್ಲೂ ಚುಕ್ಕೆಗಳು ಆರ್ತಾ ಇವೆ. ನೀವೆಲ್ಲ ಎಲ್ಲಿದ್ದೀರಿ?”

“ಕಡ್ಲಲ್ ಇದ್ದಿತ್.”

“ಕಡಲಿನಲ್ಲಿ ಎಲ್ಲಿ ಸರ್?”

“ನೀರಿನ್ ಮೇಲೆ.”

ಆ ಕಡೆ ಬಾಗಿಲೊಂದು ಮುಚ್ಚಿದ ಸದ್ದು. ಮೆಟ್ಟಿಲು ಇಳಿಯುವ ಚಪ್ಪಲಿಯ ಸದ್ದು. ಮತ್ತೆ ಬಂದ ದನಿ ಪಿಸುಮಾತಿನದಾಗಿತ್ತು.

“ಸರ್... ನಿನ್ನೆ ನಾನು ಸುಮ್ಮನೆ ನನ್ನ ನಂಬರ್ ಹಾಕಿ ನೋಡಿದೆ. ನಮ್ಮದೇ ಪರದೆಯಲ್ಲಿ. ಮನೆ, ಆಫೀಸು, ಅಮ್ಮನನ್ನು ಕರ್ಕೊಂಡು ಹೋಗೋ ಆಸ್ಪತ್ರೆ, ಎಲ್ಲ ಕೆಂಪಗೆ ಉರೀತಾ ಇದೆ. ನೀವು ಮಾಡಿಸಿದ್ದನ್ನ ನನಗೂ ಎಲ್ಲಾದರೂ ಮಾಡಿಕೊಡ್ತಾರಾ?”

ಬಚ್ಚ ಒದ್ದೆ ಕೈಯನ್ನು ಪಂಚೆಗೆ ಒರೆಸಿ, ಫೋನನ್ನು ಬಾಯಿಯ ಹತ್ತಿರ ತಂದುಕೊಂಡ.

“ಸರಿಯಾಗಿ ಬರ್ಕಣಿ ಮಗಾ. ಕುಂದಾಪುರದಲ್ ಇಳ್ದ್ ಬಡಗಿಗೆ ಹೋಪು ಬಸ್ ಹತ್ತಿ. ಸುಳಿಕೋಡಿ ಬಂದರ್. ಐಸ್ ಕಾರ್ಖಾನೆ ಎದುರ್, ನೀಲಿ ಬಾಗ್ಲ್, ಫ್ಲೋರಿನ್ ಬಾಯಮ್ಮನ್ ಅಂಗಡಿ. ಬಾಗ್ಲಲ್ ನಾನೇ ನಿಂತಿರ್ತೆ.”